ಹಾಡಿನ ಹಿಂದೆ ಕೂತವರ ಹೆಸರು

ನಮ್ಮ ಪಕ್ಕದ ಮನೆಯ ಹಿರಿಯರು ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಾರೆ. ಕೆಲಸ ಬಿಟ್ಟು ಬಹಳ ವರ್ಷವಾಯಿತು. ಭಾನುವಾರ ಚರ್ಚಿನಲ್ಲಿ ನುಡಿಸುತ್ತಾರೆ, ಉಳಿದ ದಿನ ಸಂಜೆ ತಮ್ಮ ಗ್ಯಾರೇಜಿನಲ್ಲಿ. ನಾವು ಅಮೆರಿಕದ ನ್ಯಾಶ್ವಿಲ್ ಹತ್ತಿರ ಮನೆ ಮಾಡಿದ ಮೊದಲ ವಾರದಲ್ಲೇ ಆ ನಾದ ಬೇಲಿ ದಾಟಿ ನಮ್ಮ ಅಡುಗೆಮನೆಗೆ ಬಂದಿತ್ತು. ಯಾರೋ ಗೋಟುವಾದ್ಯ ನುಡಿಸುತ್ತಿದ್ದಾರೆ ಎಂದು ನನ್ನ ಹೆಂಡತಿ ಹೊರಗೆ ಓಡಿ ಬಂದಳು.

2015ರ ಜುಲೈ ಕೊನೆಯ ಒಂದು ಸಂಜೆ ಗ್ಯಾರೇಜಿನ ಬಾಗಿಲು ತೆರೆದಿತ್ತು. ಆದರೆ ಸದ್ದಿಲ್ಲ. ಹಿರಿಯರು ವಾದ್ಯದ ಮುಂದೆ ಕೈಕಟ್ಟಿ ಕೂತಿದ್ದರು. ನನ್ನನ್ನು ನೋಡಿ, "ಬಡ್ಡಿ ಹೋಗಿಬಿಟ್ಟರು" ಎಂದರು.

ಅವರ ಗೆಳೆಯರಿರಬೇಕು ಎಂದುಕೊಂಡೆ. ಅಲ್ಲ. ಹೋದವರು ಬಡ್ಡಿ ಎಮ್ಮನ್ಸ್, ಪೆಡಲ್ ಸ್ಟೀಲ್ ನುಡಿಸುತ್ತಿದ್ದ ಕಲಾವಿದರು. ಇವರು ಅವರನ್ನು ಹತ್ತಿರದಿಂದ ನೋಡಿದ್ದು ಜೀವನದಲ್ಲಿ ಎರಡೇ ಸಲವಂತೆ. ಆದರೂ ಮನೆಯವರೇ ಹೋದಷ್ಟು ಮುಖ ಬಾಡಿತ್ತು. ಎಂಥ ಕಲಾವಿದರು ಅವರು, ಸರ್, ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ಬೆರಳಿಗೆ ತಂತಿ ಮೀಟುವ ಉಗುರುಗಳನ್ನು ಹಾಕಿಕೊಂಡರು. ಉಕ್ಕಿನ ಸರಳು ಕೈಗೆ ತೆಗೆದುಕೊಂಡರು. ಒಂದು ಸ್ವರಗುಚ್ಛ ಮೀಟಿ ಎರಡು ಪೆಡಲನ್ನೂ ಒಟ್ಟಿಗೆ ತುಳಿದರು. ನಾದ ಮೇಲಕ್ಕೆ ಹತ್ತಿತು. "ಇದು ಅವರು ಬರುವ ಮುಂಚೆ" ಎಂದರು.

ಮತ್ತೆ ಅದನ್ನೇ ಮೀಟಿದರು. ಈ ಸಲ ಒಂದೇ ಪೆಡಲ್ ತುಳಿದರು. ಒಂದು ಸ್ವರ ಮಾತ್ರ ನಿಧಾನವಾಗಿ ಎದ್ದಿತು, ಉಳಿದವು ಕೂತಲ್ಲೇ ಇದ್ದವು. ಆಮೇಲೆ ಇನ್ನೊಂದು ಪೆಡಲ್. ಎರಡನೆಯ ಸ್ವರ ಎದ್ದು ಮೊದಲನೆಯದರ ಜೊತೆ ಸೇರಿಕೊಂಡಿತು. "ಇದು ಅವರು ಬಂದ ಮೇಲೆ."

ಅಷ್ಟೇ ಅವರ ಶ್ರದ್ಧಾಂಜಲಿ. ಅದನ್ನು ಕೇಳಿ ಇಷ್ಟು ವರ್ಷವಾದರೂ ನನಗೆ ಮರೆಯಲಾಗಿಲ್ಲ. ತೀರಿಹೋದ ವಾದ್ಯಗಾರನನ್ನು ಹೀಗೂ ನೆನೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ನಾವು ಹೇಗೆ ನೆನೆಯುತ್ತೇವೆ, ಇಲ್ಲಿ ಇವರು ಹೇಗೆ ನೆನೆಯುತ್ತಾರೆ ಎಂದು ಅವತ್ತಿನಿಂದ ಹೋಲಿಸಿ ನೋಡುತ್ತಲೇ ಇದ್ದೇನೆ.

ಈ ವಾದ್ಯ ನೋಡದವರಿಗೆ ಸ್ವಲ್ಪ ವಿವರಿಸಬೇಕು. ನಾಲ್ಕು ಕಾಲಿನ ಮೇಜಿನಂತೆ ನಿಂತಿರುತ್ತದೆ. ನುಡಿಸುವವರು ಅದರ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸಾಮಾನ್ಯವಾಗಿ ಹತ್ತು ತಂತಿ. ಕೆಲವದರಲ್ಲಿ ಹತ್ತು ಹತ್ತು ತಂತಿಯ ಎರಡು ಸಾಲು. ಮೆಟ್ಟುಗಳಿಲ್ಲ, ಮೆಟ್ಟಿನ ಜಾಗ ತೋರಿಸುವ ಗೆರೆಗಳಷ್ಟೇ. ಎಡಗೈಯಲ್ಲಿ ನುಣುಪಾದ ಉಕ್ಕಿನ ಸರಳು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಮೀಟುತ್ತಾರೆ. ಇಷ್ಟರ ಮಟ್ಟಿಗೆ ನಮ್ಮ ಗೋಟುವಾದ್ಯದ ದಾಯಾದಿಯೇ. ಆದರೆ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಎಡಗಾಲಿನ ಕೆಳಗೆ ಪೆಡಲ್‌ಗಳ ಸಾಲು. ಎರಡೂ ಮೊಣಕಾಲಿಗೆ ತಾಗುವಂತೆ ಕೆಳಗೆ ಇಳಿಬಿಟ್ಟ ಲಿವರ್‌ಗಳು. ಪೆಡಲ್ ತುಳಿದರೆ ಒಳಗಿನ ಕಂಬಿ ಎಳೆದು ಯಾವುದೋ ತಂತಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಬಲಗಾಲು ಇನ್ನೊಂದು ಪೆಡಲಿನ ಮೇಲಿರುತ್ತದೆ. ಅದು ಸದ್ದು ಹೆಚ್ಚು ಕಡಿಮೆ ಮಾಡಲು. ಅಂದರೆ ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲಕ್ಕೂ ಒಂದೊಂದು ಕೆಲಸ. ಇಷ್ಟೆಲ್ಲ ಮಾಡಿ ಕೊನೆಗೆ ಹೊರಡುವುದು ಮಾತ್ರ ಯಾರೋ ಬಿಕ್ಕಿ ಬಿಕ್ಕಿ ಅತ್ತಂಥ, ಕೆಲವೊಮ್ಮೆ ಅತ್ತು ಮುಗಿಸಿ ಉಸಿರು ಬಿಟ್ಟಂಥ ಒಂದು ನಾದ.

ಪೆಡಲ್‌ಗಳು ಎಮ್ಮನ್ಸ್ ಕಂಡುಹಿಡಿದದ್ದಲ್ಲ. ಮುಂಚೆಯೂ ಇದ್ದವು. ಆದರೆ ಹೆಚ್ಚಿನವರು ಅವನ್ನು ಒಂದು ಶ್ರುತಿಯಿಂದ ಇನ್ನೊಂದಕ್ಕೆ ಬದಲಿಸಿಕೊಳ್ಳಲು ಬಳಸುತ್ತಿದ್ದರು. ಬಡ್ ಐಸಾಕ್ಸ್ ಎಂಬುವರು 1954ರಲ್ಲಿ ಹೊರಬಂದ, ಗಾಯಕ ವೆಬ್ ಪಿಯರ್ಸ್ ಅವರ ಒಂದು ಹಾಡಿನಲ್ಲಿ ಬೇರೆ ಏನೋ ಮಾಡಿದರು. ಮೊದಲು ತಂತಿ ಮೀಟಿ, ಅದು ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ತುಳಿದರು. ಕೇಳುವವರ ಕಿವಿಯಲ್ಲೇ ಸ್ವರ ಬಾಗಿ ಮೇಲೆ ಹೋಯಿತು. ಆ ಹಾಡು ರೇಡಿಯೋದಲ್ಲಿ ಬಂದ ಮೇಲೆ ಸ್ಟೀಲ್ ನುಡಿಸುವವರೆಲ್ಲ ತಮ್ಮ ವಾದ್ಯಕ್ಕೆ ಪೆಡಲ್ ಕಟ್ಟಲು ಹೊರಟರು.

ಐಸಾಕ್ಸ್ ಅವರ ಪೆಡಲ್ ಎರಡು ಸ್ವರಗಳನ್ನು ಒಟ್ಟಿಗೆ ಏರಿಸುತ್ತಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ತಂತಿಗಳು ಷಡ್ಜ, ಅಂತರ ಗಾಂಧಾರ, ಪಂಚಮಕ್ಕೆ ಕೂತಿವೆ ಅಂದುಕೊಳ್ಳಿ. ಪೆಡಲ್ ತುಳಿದರೆ ಗಾಂಧಾರ ಹೋಗಿ ಶುದ್ಧ ಮಧ್ಯಮವಾಗುತ್ತದೆ, ಪಂಚಮ ಹೋಗಿ ಚತುಶ್ರುತಿ ಧೈವತವಾಗುತ್ತದೆ. ಎರಡೂ ಒಟ್ಟಿಗೆ. 1956ರಲ್ಲಿ, ಇನ್ನೂ ಹತ್ತೊಂಬತ್ತು ವರ್ಷದ ಎಮ್ಮನ್ಸ್ ಆ ಒಂದು ಕೆಲಸವನ್ನು ಎರಡು ಪೆಡಲ್‌ಗಳಿಗೆ ಹಂಚಿದರು. ಒಂದು ಪೆಡಲಿಗೆ ಪಂಚಮ, ಪಕ್ಕದ್ದಕ್ಕೆ ಗಾಂಧಾರ. ಎರಡೂ ಬೇಕೆಂದರೆ ಪಾದವನ್ನು ಚಪ್ಪಟೆ ಇಟ್ಟು ಎರಡನ್ನೂ ತುಳಿದರಾಯಿತು. ಒಂದೇ ಸಾಕೆಂದರೆ ಪಾದವನ್ನು ಸ್ವಲ್ಪ ವಾಲಿಸಿದರಾಯಿತು.

ಕೇಳಲು ಎಷ್ಟು ಚಿಕ್ಕ ವಿಷಯ ಅಲ್ವಾ? ಆದರೆ ಇವತ್ತು ಕಂಟ್ರಿ ಸಂಗೀತದಲ್ಲಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತದಲ್ಲಿ, ನೀವು ಕೇಳುವ ಸ್ಟೀಲ್ ಗಿಟಾರಿನ ಗುರುತಿನ ನಾದ ಹುಟ್ಟಿದ್ದೇ ಆ ವಾಲುವ ಪಾದದಿಂದ. ಕೆಲವು ವರ್ಷಗಳ ನಂತರ ಅವರು ಅದೇ ಶ್ರುತಿಗೆ ಇನ್ನೆರಡು ತಂತಿ ಸೇರಿಸಿದರು. ನಮ್ಮ ಲೆಕ್ಕದಲ್ಲಿ ಒಂದು ಚತುಶ್ರುತಿ ರಿಷಭ, ಇನ್ನೊಂದು ಕಾಕಲಿ ನಿಷಾದ. ಅವನ್ನು ಸ್ವರದ ಕ್ರಮದಲ್ಲಿ ಜೋಡಿಸದೆ ಎಲ್ಲಕ್ಕಿಂತ ಆಚೆ, ಮೊದಲನೆಯ ಮತ್ತು ಎರಡನೆಯ ತಂತಿಯಾಗಿ ಇಟ್ಟರು. ಮೂರನೆಯ ತಂತಿಗಿಂತ ಇವೆರಡರ ಸ್ವರ ಕೆಳಗೆ. ಹೊಸಬರಿಗೆ ಇದು ವಿಚಿತ್ರ ಕಾಣುತ್ತದೆ. ಆದರೆ ಈಗ ಸರಳನ್ನು ಕದಲಿಸದೆ ಕೂತ ಜಾಗದಲ್ಲೇ ಸರಿಗಮ ಪೂರ್ತಿ ನುಡಿಸಬಹುದು. 1963ರಲ್ಲಿ ಗಾಯಕ ರೇ ಪ್ರೈಸ್ ಅವರ ಹಾಡೊಂದರಲ್ಲಿ ಈ ತಂತಿಗಳು ಕೇಳಿಸಿದವು. ಇವತ್ತು ಯಾವ ಅಂಗಡಿಯಲ್ಲಿ ಈ ಶ್ರುತಿಯ ಹೊಸ ಪೆಡಲ್ ಸ್ಟೀಲ್ ಕೊಂಡರೂ ಆ ಎರಡು ತಂತಿ ಅದೇ ಜಾಗದಲ್ಲಿ ಇರುತ್ತವೆ.

ಇನ್ನೊಂದು ವಿಷಯ ಕೇಳಿ. ಅದೇ ಕಾಲದ ಜಿಮ್ಮಿ ಡೇ ಎಂಬ ಇನ್ನೊಬ್ಬ ದೊಡ್ಡ ವಾದ್ಯಗಾರರು ಪೆಡಲ್‌ಗಳನ್ನು ಹಿಂದುಮುಂದಾಗಿ ಜೋಡಿಸಿಕೊಂಡಿದ್ದರು. ಹೀಗಾಗಿ ಇವತ್ತಿಗೂ ವಾದ್ಯ ಮಾಡಿಸುವವರನ್ನು ಕೇಳುವ ಮೊದಲ ಪ್ರಶ್ನೆ, ನಿಮಗೆ ಎಮ್ಮನ್ಸ್ ಕ್ರಮ ಬೇಕೋ ಡೇ ಕ್ರಮ ಬೇಕೋ ಎಂದು. ಇಬ್ಬರೂ ಈಗಿಲ್ಲ. ಅವರ ಹೆಸರು ಹೇಳದೆ ವಾದ್ಯವನ್ನು ಕೊಳ್ಳಲಿಕ್ಕೇ ಆಗುವುದಿಲ್ಲ.

ಎಮ್ಮನ್ಸ್ ಹುಟ್ಟಿದ್ದು 1937ರ ಜನವರಿಯಲ್ಲಿ, ಇಂಡಿಯಾನಾ ರಾಜ್ಯದ ಮಿಶಾವಾಕಾ ಊರಿನಲ್ಲಿ. ಹನ್ನೊಂದನೆಯ ವಯಸ್ಸಿಗೆ ಅಪ್ಪ ಆರು ತಂತಿಯ ಸ್ಟೀಲ್ ಗಿಟಾರ್ ಕೊಡಿಸಿ, ಹತ್ತಿರದ ಸೌತ್ ಬೆಂಡ್‌ನಲ್ಲಿ ಹವಾಯಿಯನ್ ಸಂಗೀತ ಕಲಿಸುವ ಶಾಲೆಗೆ ಸೇರಿಸಿದರು. ಹದಿನಾರಕ್ಕೆ ಮನೆ ಬಿಟ್ಟು ಹೋಟೆಲು ಬಾರುಗಳಲ್ಲಿ ನುಡಿಸಲು ಹೊರಟರು. 1955ರಲ್ಲಿ, ಹದಿನೆಂಟಕ್ಕೆ, ಲಿಟ್ಲ್ ಜಿಮ್ಮಿ ಡಿಕನ್ಸ್ ಅವರ ತಂಡ ಸೇರಿ ನ್ಯಾಶ್ವಿಲ್‌ಗೆ ಬಂದರು. 1957ರಲ್ಲಿ ಅರ್ನೆಸ್ಟ್ ಟಬ್ ಅವರ ತಂಡ, 1962ರಲ್ಲಿ ರೇ ಪ್ರೈಸ್ ಅವರ ತಂಡ. ನಡುವೆ ಶಾಟ್ ಜಾಕ್ಸನ್ ಎಂಬುವರ ಜೊತೆ ಸೇರಿ ಶೋ-ಬಡ್ ಎಂಬ ವಾದ್ಯ ಕಂಪನಿ ಕಟ್ಟಿದರು. ಆಮೇಲೆ ಅದನ್ನು ಬಿಟ್ಟು ತಮ್ಮದೇ ಹೆಸರಿನ ಕಂಪನಿ ಮಾಡಿದರು. 1963ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾಝ್ ಕಲಾವಿದರ ಜೊತೆ ಒಂದು ಪೂರ್ತಿ ರೆಕಾರ್ಡ್ ಮಾಡಿದರು. ಪೆಡಲ್ ಸ್ಟೀಲ್‌ನಲ್ಲಿ ಜಾಝ್ ನುಡಿಸಿ ಇಡೀ ರೆಕಾರ್ಡ್ ತಂದವರು ಅವರಿಗಿಂತ ಮುಂಚೆ ಇರಲಿಲ್ಲ.

ಆಮೇಲಿನದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. 1967ರಲ್ಲಿ ಅವರು ಲಾಸ್ ಏಂಜಲಿಸ್‌ಗೆ ಹೋಗಿ ರಾಜರ್ ಮಿಲ್ಲರ್ ಅವರ ತಂಡ ಸೇರಿದರು. ಸ್ಟೀಲ್ ನುಡಿಸಲು ಅಲ್ಲ, ಬೇಸ್ ಗಿಟಾರ್ ನುಡಿಸಲು. ತನ್ನ ವಾದ್ಯದಲ್ಲಿ ಜಗತ್ತಿಗೇ ಮೊದಲಿಗ ಎನಿಸಿಕೊಂಡವನು, ಹಾಡುವವರಿಗೆ ಬೇಸ್ ಬೇಕು ಎಂದಾಗ ಆ ಇನ್ನೊಂದು ವಾದ್ಯ ಹಿಡಿದು ಹಿಂದೆ ನಿಂತ. 1974ರಲ್ಲಿ ಮತ್ತೆ ನ್ಯಾಶ್ವಿಲ್‌ಗೆ ಬಂದರು. 1990ರ ದಶಕದಲ್ಲಿ ಎವರ್ಲಿ ಸಹೋದರರ ಜೊತೆ ಊರೂರು ಸುತ್ತಿದರು. 2001ರ ಸುಮಾರಿಗೆ ಕೈಯ ಹೆಬ್ಬೆರಳು, ಮಣಿಕಟ್ಟು ತೊಂದರೆ ಕೊಟ್ಟವು. 2007ರ ಕೊನೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ ವೇದಿಕೆಯಿಂದ ದೂರವಾದರು. ಹೋದಾಗ 78 ವರ್ಷ.

ಇಂಥವರನ್ನು ಇಲ್ಲಿ ಸೈಡ್‌ಮನ್ ಎನ್ನುತ್ತಾರೆ. ಪಕ್ಕದವನು. ನಮ್ಮ ಪಕ್ಕವಾದ್ಯ ಎಂಬ ಮಾತಿಗೆ ಎಷ್ಟು ಹತ್ತಿರ ನೋಡಿ. ಎಮ್ಮನ್ಸ್ ಜೀವಮಾನವೆಲ್ಲ ಹೆಚ್ಚಾಗಿ ನುಡಿಸಿದ್ದು ಬೇರೆಯವರ ಹಾಡಿಗೆ. ಮುಖ ಕಾಣುವುದು ಹಾಡುವವರದು. ಹಾಡಿನ ಎರಡು ಸಾಲಿನ ನಡುವೆ ಸಿಗುವ ನಾಲ್ಕು ಕ್ಷಣ ಇವರದು.

ಇಲ್ಲಿ ನನಗೆ ಮೈಸೂರು ಚೌಡಯ್ಯನವರ ನೆನಪಾಗದೆ ಇರುವುದಿಲ್ಲ. ತಿರುಮಕೂಡಲಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತು, ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರಂಥವರಿಗೆ ಪಿಟೀಲು ನುಡಿಸಿದವರು. ಆಗ ಮೈಕ್ ಇಲ್ಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅದಕ್ಕೆ ಅವರು ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೋಡಿ ತಂತಿ ಕಟ್ಟಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ನನ್ನ ಕಣ್ಣಿಗೆ ಇದೂ ಎಮ್ಮನ್ಸ್ ಮಾಡಿದಂಥದ್ದೇ ಕೆಲಸ. ಹಾಡಿಗೆ ಏನು ಬೇಕು ಎಂದು ಯೋಚಿಸಿ, ಕೈಯಲ್ಲಿದ್ದ ವಾದ್ಯವನ್ನೇ ತಿದ್ದಿಕೊಂಡ ಕೆಲಸ.

ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ 1980ರಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ್ದೇ ಒಂದು ಸಭಾಂಗಣ ಎದ್ದಿತು. ತಂತಿ, ಬಿರಡೆ, ಕಮಾನು ಎಲ್ಲ ಸೇರಿ ಇಡೀ ಕಟ್ಟಡವೇ ಪಿಟೀಲು. ಒಬ್ಬ ಪಕ್ಕವಾದ್ಯದವರಿಗೆ ಇಷ್ಟು ದೊಡ್ಡ ಗೌರವ ನಾನು ಅಮೆರಿಕದಲ್ಲಿ ಎಲ್ಲೂ ನೋಡಿಲ್ಲ. ಇದನ್ನು ಪಕ್ಕದ ಮನೆಯ ಹಿರಿಯರಿಗೆ ಫೋಟೋ ಸಮೇತ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಈಗ ನಿಮ್ಮಲ್ಲಿ ಎಲ್ಲರೂ ಏಳು ತಂತಿಯದನ್ನೇ ನುಡಿಸುತ್ತಾರಾ?"

ಇಲ್ಲ ಎಂದೆ. ಈಗ ಕಛೇರಿಗಳಲ್ಲಿ ಅದು ಕಾಣುವುದು ಬಹಳ ಅಪರೂಪ. ಮೈಕ್ ಬಂದ ಮೇಲೆ ಜೋಡಿ ತಂತಿಯ ಅಗತ್ಯ ಹೋಯಿತು, ಏಳು ತಂತಿಗೆ ಶ್ರುತಿ ಮಾಡುವ ಕಷ್ಟ ಉಳಿಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಸಭಾಂಗಣಕ್ಕೆ ನಾನು ಹತ್ತಾರು ಸಲ ಹೋಗಿದ್ದೇನೆ. ಏಳು ತಂತಿ ಯಾಕೆ ಬಂತು, ಅದರ ನಾದ ಹೇಗಿತ್ತು, ಯಾವ ಮೂರು ತಂತಿಗೆ ಜೋಡಿ ಎಂದು ಒಂದು ದಿನವೂ ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ನಮ್ಮ ಗೌರವ ಮನುಷ್ಯನ ಮೇಲೆ ಬಹಳ ಇದೆ. ಅವನು ಕೈಯಲ್ಲಿ ಏನು ಮಾಡಿದ ಎಂಬುದರ ಮೇಲೆ ಅಷ್ಟು ಗಮನ ಇಲ್ಲ.

ಇಲ್ಲಿಯವರ ಕೆಲವು ರೀತಿಗಳು ನನಗೆ ಮೊದಮೊದಲು ಒಗ್ಗಲಿಲ್ಲ. ಅಷ್ಟು ದೊಡ್ಡ ಕಲಾವಿದನನ್ನು ಎಲ್ಲರೂ ಸುಮ್ನೆ ಬಡ್ಡಿ ಎಂದೇ ಕರೆಯುತ್ತಾರೆ. ವಿದ್ವಾನ್ ಇಲ್ಲ, ಪಂಡಿತ್ ಇಲ್ಲ. ಕಾಲಿಗೆ ಬೀಳುವುದು, ಹಾರ, ಶಾಲು ಯಾವುದೂ ಇಲ್ಲ. ಇವರಿಗೆ ಗುರು ಅಂದರೆ ಏನು ಎಂದೇ ಗೊತ್ತಿಲ್ಲವೇನೋ ಅನ್ನಿಸಿತ್ತು. ಎಮ್ಮನ್ಸ್ ತೀರಿಕೊಂಡ ಮುಂದಿನ ತಿಂಗಳು ಹಿರಿಯರ ಗೆಳೆಯರು ಹತ್ತು ಹನ್ನೆರಡು ಜನ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರಿದರು. ನನ್ನನ್ನೂ ಕರೆದುಕೊಂಡು ಹೋದರು. ವೇದಿಕೆ ಇರಲಿಲ್ಲ. ಮುಖ್ಯ ಅತಿಥಿ ಇರಲಿಲ್ಲ. ಫೋಟೋ ಕೂಡ ಇರಲಿಲ್ಲ. ಒಬ್ಬೊಬ್ಬರಾಗಿ ವಾದ್ಯದ ಮುಂದೆ ಕೂತರು. ಪ್ರತಿಯೊಬ್ಬರೂ ತಾವು ಅವರಿಂದ ಕದ್ದ ಒಂದು ಚೂರನ್ನು ನುಡಿಸಿದರು. ಕದ್ದದ್ದು ಎಂದೇ ಅವರು ಹೇಳುವುದು, ಬಹಳ ಪ್ರೀತಿಯಿಂದ. ಇದು ಇಂಥ ಹಾಡಿನ ಎರಡನೆಯ ಚರಣದ ಕೊನೆಯದು, ಇದನ್ನು ಕಲಿಯಲು ರೆಕಾರ್ಡಿನ ವೇಗ ಅರ್ಧಕ್ಕೆ ಇಳಿಸಿ ಎರಡು ತಿಂಗಳು ಕೂತೆ, ಇಲ್ಲಿ ಸರಳನ್ನು ಎತ್ತುವ ಮೊದಲೇ ಅಂಗೈಯಿಂದ ತಂತಿ ಮುಚ್ಚಬೇಕು, ಹೀಗೆ. ಒಬ್ಬರು ನುಡಿಸುವಾಗ ಇನ್ನೊಬ್ಬರು ಬಗ್ಗಿ ಅವರ ಪಾದ ನೋಡುತ್ತಿದ್ದರು. ಎಪ್ಪತ್ತು ದಾಟಿದ ಒಬ್ಬರು ಒಂದು ಸಣ್ಣ ತುಣುಕನ್ನು ಅರ್ಧಕ್ಕೆ ನಿಲ್ಲಿಸಿ, ನನಗೆ ಇಷ್ಟೇ ಬರುವುದು, ಮುಂದಿನದು ಅವರಿಗೆ ಮಾತ್ರ ಬರುತ್ತಿತ್ತು ಎಂದು ಎದ್ದುಬಿಟ್ಟರು. ಕೋಣೆಯಲ್ಲಿ ಎಲ್ಲರ ಕಣ್ಣೂ ಒದ್ದೆಯಾಗಿತ್ತು.

ಅವತ್ತು ರಾತ್ರಿ ಮನೆಗೆ ಬಂದು ನನ್ನ ಸೋದರಮಾವನ ಬಗ್ಗೆ ಯೋಚಿಸಿದೆ.

ಮಾವ ಹಾಸನದಲ್ಲಿ ತಬಲಾ ನುಡಿಸುತ್ತಿದ್ದರು. ಭಾವಗೀತೆ, ದಾಸರ ಪದ, ನಾಟಕ, ಗಣಪತಿ ಪೆಂಡಾಲು, ಯಾವುದಕ್ಕೂ ಇಲ್ಲ ಅಂದವರಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಹಗಲೆಲ್ಲ ಕ್ಯಾಸೆಟ್ ರೆಕಾರ್ಡಿಂಗ್‌ಗೆ ನುಡಿಸಿ ರಾತ್ರಿ ಬಸ್ಸಿಗೆ ವಾಪಸು ಬರುತ್ತಿದ್ದರು. ಅವರು ಹೋದಾಗ ಊರಿನಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ನಾನೂ ಅಲ್ಲಿದ್ದೆ. ಜನ ಬಹಳ ಬಂದಿದ್ದರು. ಅದು ನಿಜವಾದ ಪ್ರೀತಿ, ಅದರಲ್ಲಿ ಅನುಮಾನ ಇಲ್ಲ. ಅವರ ಸರಳತೆ, ಸ್ನೇಹ, ಕಷ್ಟಕ್ಕೆ ಆಗುತ್ತಿದ್ದುದು, ಎಲ್ಲದರ ಬಗ್ಗೆ ಮಾತಾಡಿದರು. ತುಂಬಲಾರದ ನಷ್ಟ ಎಂದು ಆರೇಳು ಜನ ಹೇಳಿದರು. ಆದರೆ ಅವರ ದಾದ್ರಾ ತಾಳ ಹೇಗಿತ್ತು ಎಂದು ಯಾರೂ ಹೇಳಲಿಲ್ಲ. ಎಡಗೈಯ ಡಗ್ಗಾವನ್ನು ಅವರು ಎಷ್ಟು ಮೆತ್ತಗೆ ಒತ್ತುತ್ತಿದ್ದರು, ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಹೇಗೆ ಕೈ ತಡೆಯುತ್ತಿದ್ದರು ಎಂದು ಯಾರೂ ಎತ್ತಲಿಲ್ಲ. ಸಭೆಯಲ್ಲಿ ತಬಲಾ ಇಟ್ಟಿದ್ದರು, ಹಾರ ಹಾಕಿ. ಯಾರೂ ಅದನ್ನು ಮುಟ್ಟಲಿಲ್ಲ.

ಇನ್ನೂ ನೋವಿನ ವಿಷಯ ಆಮೇಲೆ ಗೊತ್ತಾಯಿತು. ಅವರು ಯಾವ ಯಾವ ಕ್ಯಾಸೆಟ್ಟಿಗೆ ನುಡಿಸಿದ್ದರು ಎಂದು ಯಾರಿಗೂ ಗೊತ್ತಿಲ್ಲ. ಮನೆಯಲ್ಲಿದ್ದ ಕ್ಯಾಸೆಟ್ಟುಗಳ ಮೇಲೆ ಗಾಯಕರ ಹೆಸರಿದೆ, ಕವಿಯ ಹೆಸರಿದೆ, ರಾಗ ಸಂಯೋಜನೆ ಯಾರದೆಂದು ಇದೆ. ತಬಲಾ ಯಾರದು, ಕೊಳಲು ಯಾರದು, ಸಿತಾರ್ ಯಾರದು ಎಂದು ಇಲ್ಲ. ಒಂದು ಕ್ಯಾಸೆಟ್ ಕಂಪನಿಗೆ ನನ್ನ ಸೋದರತ್ತೆ ಪತ್ರ ಬರೆದು ಕೇಳಿದ್ದರು. ಅಂಥ ವಿವರ ಇಟ್ಟಿಲ್ಲ ಎಂದು ಉತ್ತರ ಬಂತು.

ಇಲ್ಲಿಯೂ ಹಳೆಯ ರೆಕಾರ್ಡುಗಳ ಹೊದಿಕೆಯ ಮೇಲೆ ಪಕ್ಕವಾದ್ಯದವರ ಹೆಸರು ಹೆಚ್ಚಾಗಿ ಇರುತ್ತಿರಲಿಲ್ಲ. 1950, 60ರ ದಶಕದ ಕಂಟ್ರಿ ರೆಕಾರ್ಡುಗಳನ್ನು ತೆಗೆದು ನೋಡಿ, ಹಾಡುವವರ ನಗುಮುಖ ಮಾತ್ರ. ಹಾಗಾದರೆ ಯಾವ ಹಾಡಿಗೆ ಎಮ್ಮನ್ಸ್ ನುಡಿಸಿದರು ಎಂದು ಇವರಿಗೆ ಇಷ್ಟು ಖಚಿತವಾಗಿ ಹೇಗೆ ಗೊತ್ತು? ನನಗೆ ಇದರ ಉತ್ತರ ಸಿಕ್ಕಾಗ ಬಹಳ ಆಶ್ಚರ್ಯವಾಯಿತು. ಸಂಬಳದ ಚೀಟಿಯಿಂದ! ನ್ಯಾಶ್ವಿಲ್‌ನಲ್ಲಿ ಸಂಗೀತಗಾರರ ಕಾರ್ಮಿಕ ಸಂಘ ಇದೆ. ಸ್ಟುಡಿಯೋದಲ್ಲಿ ಮೂರು ಗಂಟೆಗೆ ಒಂದು ಸರದಿ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ. ಪ್ರತಿ ಸರದಿಗೂ ಒಂದು ಕಾಗದ ತುಂಬಬೇಕು. ಯಾವ ದಿನ, ಯಾವ ಹಾಡುಗಳು, ಯಾರು ಯಾರು ನುಡಿಸಿದರು, ಯಾರಿಗೆ ಎಷ್ಟು ದುಡ್ಡು. ಸಂಘಕ್ಕೆ ಬೇಕಿದ್ದದ್ದು ತನ್ನ ಸದಸ್ಯರಿಗೆ ಕೂಲಿ ಸರಿಯಾಗಿ ಸಿಗಲಿ ಎಂಬುದಷ್ಟೇ. ಆದರೆ ಐವತ್ತು ವರ್ಷದ ಮೇಲೆ ಸಂಗೀತದ ಚರಿತ್ರೆ ಬರೆಯುವವರು ಆ ಕಾಗದಗಳನ್ನೇ ಹುಡುಕಿಕೊಂಡು ಹೋದರು. ಹಳೆಯ ಹಾಡುಗಳನ್ನು ಮತ್ತೆ ಹೊರತರುವವರು ಈಗ ಒಂದೊಂದು ಹಾಡಿಗೂ ಅವತ್ತು ಸ್ಟುಡಿಯೋದಲ್ಲಿ ಕೂತವರ ಹೆಸರು ಹಾಕುತ್ತಾರೆ.

ಹೀಗಾಗಿ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಇವರಿಗೆ ನಮಗಿಂತ ಕಲೆಯ ಮೇಲೆ ಪ್ರೀತಿ ಜಾಸ್ತಿ ಎಂದಲ್ಲ. ದುಡ್ಡಿನ ಲೆಕ್ಕ ಸರಿಯಾಗಿ ಇಟ್ಟರು, ಆ ಲೆಕ್ಕ ನೆನಪನ್ನೂ ಕಾಪಾಡಿತು. ನಮ್ಮಲ್ಲಿ ಕಲಾವಿದನಿಗೆ ದುಡ್ಡಿನ ಮಾತು ಎತ್ತುವುದೇ ಸಂಕೋಚ. ಕವರಿನಲ್ಲಿ ಇಟ್ಟು ಕೈಗೆ ಕೊಡುತ್ತೇವೆ, ಅವರೂ ಎಣಿಸದೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಅದರಲ್ಲಿ ಒಂದು ಮರ್ಯಾದೆ ಇದೆ, ನಾನು ಒಪ್ಪುತ್ತೇನೆ. ಆದರೆ ಆ ಮರ್ಯಾದೆಗೆ ನಾವು ಕೊಟ್ಟ ಬೆಲೆ ದೊಡ್ಡದು. ಎಷ್ಟೋ ಕನ್ನಡ ಹಾಡುಗಳ ಮೊದಲ ಕೊಳಲು, ಮೊದಲ ಪಿಟೀಲು ನಮ್ಮ ಮೈಯಲ್ಲಿ ಸೇರಿಹೋಗಿವೆ. ನುಡಿಸಿದವರು ಯಾರು ಎಂದು ಕೇಳಿದರೆ ಹೇಳುವವರಿಲ್ಲ.

ಇನ್ನೂ ಒಂದು ಹೋಲಿಕೆ. ಇವರು ಎಮ್ಮನ್ಸ್ ಅವರನ್ನು ಬದುಕಿರುವಾಗಲೇ ನೆನೆದರು. ಸೇಂಟ್ ಲೂಯಿಸ್‌ನಲ್ಲಿ ಸ್ಟೀಲ್ ಗಿಟಾರ್ ನುಡಿಸುವವರು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಅವರು 1981ರಲ್ಲೇ, ಎಮ್ಮನ್ಸ್‌ಗೆ ಇನ್ನೂ 44 ವರ್ಷವಿರುವಾಗ, ಗೌರವದ ಪಟ್ಟಿಗೆ ಸೇರಿಸಿದರು. 2013ರಲ್ಲಿ ಅವರಿಂದ ಕಲಿತವರೆಲ್ಲ ಸೇರಿ, ಅವರ ಹಳೆಯ ಹಾಡುಗಳನ್ನು ಒಬ್ಬೊಬ್ಬರು ಒಂದೊಂದು ನುಡಿಸಿ ಇಡೀ ಒಂದು ಆಲ್ಬಮ್ ತಂದರು. ತೀರಿಕೊಳ್ಳಲು ಎರಡು ವರ್ಷ ಇರುವಾಗ ತನ್ನ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ಕೇಳುವ ಭಾಗ್ಯ ಅವರಿಗೆ ಸಿಕ್ಕಿತು. ಅವರ ಜೀವನದ ಬಗ್ಗೆ ಪೂರ್ತಿ ಪುಸ್ತಕವೂ ಬಂದಿದೆ. ಹಾಡುವವರ ಬಗ್ಗೆ ಅಲ್ಲ, ಪಕ್ಕದವನ ಬಗ್ಗೆ.

ಹಾಗಂತ ನಮ್ಮದೆಲ್ಲ ಕಡಿಮೆ ಎಂದು ಹೇಳಲು ನನಗೆ ಮನಸ್ಸಿಲ್ಲ. ನಮ್ಮ ಹತ್ತಿರ ಇವರಿಗಿಲ್ಲದ ಒಂದು ಶಕ್ತಿ ಇದೆ. ಹಿರಿಯರ ಗ್ಯಾರೇಜಿಗೆ ಕಲಿಯಲು ಬರುವ ಹುಡುಗರು ಒಬ್ಬರೂ ಇಲ್ಲ. ಅವರ ಮಕ್ಕಳಿಗೆ ಆ ವಾದ್ಯದ ಆಸೆ ಇಲ್ಲ. ನಾನು ಹೋದ ಮೇಲೆ ಇದು ಯಾರಿಗೋ ಮಾರಿಹೋಗುತ್ತದೆ ಎಂದು ಒಂದು ಸಲ ಹೇಳಿದ್ದರು. ಆ ಮಾತು ಕೇಳಿ ನನಗೆ ಸಂಕಟವಾಯಿತು. ನಮ್ಮಲ್ಲಿ ತ್ಯಾಗರಾಜರು 1847ರಲ್ಲಿ ಹೋದರು, ಇವತ್ತಿಗೂ ಪುಷ್ಯ ಬಹುಳ ಪಂಚಮಿಗೆ ಜನ ಸಾಲಾಗಿ ಕೂತು ಅವರ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಒಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಅದೇ ಆರಾಧನೆ 1978ರಿಂದ ನಡೆದು ಬಂದಿದೆ. ಅಮೆರಿಕದಲ್ಲೇ ಹುಟ್ಟಿದ ಮಕ್ಕಳು ಅಲ್ಲಿ ಹಾಡುವುದನ್ನು ನಾನೇ ನೋಡಿದ್ದೇನೆ. ಸಂಗೀತಕ್ಕೆ ಕೂತ ಪ್ರತಿ ಮಗುವೂ ಮಾಯಾಮಾಳವಗೌಳದ ಸರಳೆ ವರಸೆಯಿಂದ ಶುರುಮಾಡುತ್ತದೆ. ಆ ಪಾಠ ಹಾಕಿಕೊಟ್ಟವರು ಪುರಂದರದಾಸರು ಎಂದು ನಮ್ಮ ಮೇಷ್ಟ್ರುಗಳು ಹೇಳಿಕೊಡುತ್ತಾರೆ. ಅಂದರೆ ಕೈಯಲ್ಲಿ, ಬಾಯಲ್ಲಿ ನೆನೆಯುವುದು ನಮಗೆ ಹೊಸದೇನಲ್ಲ. ಗ್ಯಾರೇಜಿನಲ್ಲಿ ಹಿರಿಯರು ಪೆಡಲ್ ತುಳಿದು ತೋರಿಸಿದ್ದೂ ಅದನ್ನೇ ಅಲ್ವಾ? ಆದರೆ ನಾವು ಆ ರೀತಿಯನ್ನು ವಾಗ್ಗೇಯಕಾರರಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಪಕ್ಕದಲ್ಲಿ ಕೂತವರಿಗೆ ಶಾಲು, ಹಾರ, ಒಂದು ಮಾತು. ಇದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದನ್ನು ಸರಿಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ನಮ್ಮ ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ನಾನು ಈಗ ಒಂದು ಕೆಲಸ ಮಾಡುತ್ತಿದ್ದೇನೆ. ಹಾಡು ಮುಗಿದ ಮೇಲೆ ವಿಡಿಯೋ ಕೆಳಗೆ ಹಾರ್ಮೋನಿಯಂ ಯಾರು, ತಬಲಾ ಯಾರು, ತಾಳ ಹಾಕಿದವರು ಯಾರು ಎಂದು ಬರೆಯುತ್ತೇನೆ. ದಿನಾಂಕ, ಶ್ರುತಿ ಕೂಡ. ಮೊದಲು ಕೆಲವರು ಇದೆಲ್ಲ ಯಾಕೆ ಎಂದರು. ಈಗ ಮರೆತರೆ ಅವರೇ ನೆನಪಿಸುತ್ತಾರೆ.

ಕಳೆದ ಸಲ ಊರಿಗೆ ಹೋದಾಗ ಅತ್ತೆ ಒಂದು ಹಳೆಯ ತಗಡಿನ ಪೆಟ್ಟಿಗೆ ತೆಗೆದರು. ಅದರಲ್ಲಿ ಮಾವನ ಡೈರಿಗಳು. ನಾನು ದಿನಚರಿ ಇರಬಹುದು ಎಂದುಕೊಂಡೆ. ಅಲ್ಲ, ಜಮಾಖರ್ಚು. ದಿನಾಂಕ, ಊರು, ಹಾಡಿದವರ ಹೆಸರು, ಅವರ ಶ್ರುತಿ, ಬಸ್ ಚಾರ್ಜು, ಕೈಗೆ ಬಂದ ದುಡ್ಡು. ಬಾಕಿ ಇದ್ದದ್ದರ ಮುಂದೆ ಒಂದು ಚುಕ್ಕೆ. ನ್ಯಾಶ್ವಿಲ್‌ನ ಆ ಸಂಬಳದ ಕಾಗದಗಳು ನೆನಪಾಗಿ ನನ್ನ ಕೈ ನಡುಗಿತು. ಒಂದು ವಾರ ಕೂತು ಎಲ್ಲ ಪುಟಗಳ ಫೋಟೋ ತೆಗೆದೆ. ಆಮೇಲೆ ಮಾವನ ಜೊತೆ ಕೊಳಲು ನುಡಿಸುತ್ತಿದ್ದ ಅವರ ಗೆಳೆಯರನ್ನು ಮನೆಗೆ ಕರೆದುಕೊಂಡು ಬಂದೆ. ಎಂಬತ್ತರ ಹತ್ತಿರ ವಯಸ್ಸು. ಕಿವಿ ಇನ್ನೂ ಚುರುಕು. ಡೈರಿಯ ದಿನಾಂಕಕ್ಕೆ ಹೊಂದುವ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿದೆವು.

ಮೊದಲ ಎರಡು ಕೇಳಿ ಅವರು ತಲೆ ಅಲ್ಲಾಡಿಸಿದರು, ಇವನಲ್ಲ. ಮೂರನೆಯದು ಒಂದು ಭಾವಗೀತೆ. ಪಲ್ಲವಿ ಮುಗಿದು ಹಾಡುವವರು ಉಸಿರು ತೆಗೆದುಕೊಳ್ಳುವಾಗ ತಬಲಾ ಅರೆಕ್ಷಣ ತಡೆದು, ಡಗ್ಗಾ ಮೆತ್ತಗೆ ಒಳಗೆ ಬಂತು.

"ನಿಲ್ಲಿಸಪ್ಪ, ಇನ್ನೊಂದು ಸಲ ಹಾಕು" ಎಂದರು. ಹಾಕಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತಮ್ಮ ಎಡಗೈಯನ್ನು ತೊಡೆಯ ಮೇಲಿಟ್ಟು, ಅದೇ ಜಾಗದಲ್ಲಿ, ಅದೇ ತೂಕದಲ್ಲಿ ಒತ್ತಿ ತೋರಿಸಿದರು. "ಇದು ಅವನೇ. ಹೀಗೆ ಒತ್ತುತ್ತಿದ್ದವನು ಅವನೊಬ್ಬನೇ."

ಅತ್ತೆ ಒಳಗಿನಿಂದ ಪೆನ್ನು ತಂದುಕೊಟ್ಟರು. ಕ್ಯಾಸೆಟ್ಟಿನ ಹೊದಿಕೆಯ ಒಳಗೆ, ಕವಿಯ ಹೆಸರಿನ ಕೆಳಗೆ ಖಾಲಿ ಇದ್ದ ಜಾಗದಲ್ಲಿ, ತಬಲಾ ಎಂದು ಬರೆದು ಮಾವನ ಹೆಸರು ಬರೆದೆ. ಕೊಳಲು ಎಂದು ಬರೆದು, ಇದರಲ್ಲಿ ನೀವೇನಾ ಎಂದು ಅವರ ಕಡೆ ನೋಡಿದೆ.

"ನಾನೇ ಕಣಪ್ಪ" ಎಂದರು. ಅವರ ಹೆಸರನ್ನೂ ಬರೆದೆ.